ಬೇಲೂರಿನ ಬಳ್ಳಿ, ಯಂತ್ರದ ಗೆರೆ
ಹಾಸನದ ನಮ್ಮ ಮನೆಯ ಶೆಡ್ಡಿನಲ್ಲಿರುವ, ಕಂಪ್ಯೂಟರ್ ಹೇಳಿದಂತೆ ಕೆತ್ತುವ ಪುಟ್ಟ ಸಿಎನ್‌ಸಿ ಯಂತ್ರದಲ್ಲಿ ಸಿಲ್ವರ್ ಓಕ್ ಹಲಗೆಯ ಮೇಲೆ ಕೆತ್ತಿಸಲೆಂದು, ಬೇಲೂರಿನ ಚೆನ್ನಕೇಶವ ದೇವಾಲಯದ ಬಳ್ಳಿಯ ಪಟ್ಟಿಕೆಯೊಂದರ ಫೋಟೋವನ್ನು ವೆಕ್ಟರ್ ವಿನ್ಯಾಸವಾಗಿ (ಯಂತ್ರ ಅನುಸರಿಸಬಲ್ಲ ಗೆರೆಗಳಾಗಿ) ಮಾರ್ಪಡಿಸುತ್ತಿದ್ದೇನೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದ ಟ್ರೇಸ್ ಬಿಟ್‌ಮ್ಯಾಪ್ ಸೌಲಭ್ಯವು ಕ್ಷಣಾರ್ಧದಲ್ಲಿ ಗೆರೆಗಳನ್ನು ಎಳೆದುಕೊಡುತ್ತದೆ, ನಿಜ. ಆದರೆ ಅದಕ್ಕೆ ಕಲ್ಲಿನ ಅಂಚೂ ಒಂದೇ, ಬಿಸಿಲಿಗೆ ಬಿದ್ದ ನೆರಳಿನ ಅಂಚೂ ಒಂದೇ. ಆದ್ದರಿಂದ ಮೋಡ ಕವಿದ ಹೊತ್ತಿನಲ್ಲಿ ತೆಗೆದ ಫೋಟೋವೇ ಮೇಲು (ಮಳೆಗಾಲದಲ್ಲಿ ನಮ್ಮ ಕಡೆ ಮೋಡಕ್ಕೇನೂ ಬರವಿಲ್ಲ). ಒಂದು ಎಲೆಯ ಸುರುಳಿಗೇ ರಾಶಿ ರಾಶಿ ನೋಡ್‌ಗಳು (ಗೆರೆಯ ತಿರುವನ್ನು ಹಿಡಿದಿಡುವ ಬಿಂದುಗಳು) ಹುಟ್ಟಿಕೊಳ್ಳುತ್ತವೆ. ಅವನ್ನು ಅಳಿಸಿ, ಉಳಿದ ನಾಲ್ಕಾರರಿಂದಲೇ ತಿರುವನ್ನು ಮತ್ತೆ ಬಾಗಿಸದಿದ್ದರೆ ಯಂತ್ರವು ತಡವರಿಸುತ್ತಾ ಸಾಗಿ ಮರದ ಅಂಚು ಒರಟಾಗುತ್ತದೆ. ಅಲ್ಲದೆ 3 ಮಿಲಿಮೀಟರ್ ವ್ಯಾಸದ ಬಿಟ್ (ಯಂತ್ರದ ಕೊರೆಯುವ ಮೊನೆ) 1.5 ಮಿಲಿಮೀಟರ್‌ಗಿಂತ ಕಡಿಮೆ ತ್ರಿಜ್ಯದ ಒಳಮೂಲೆಗೆ ಇಳಿಯಲಾರದು. ಎಲೆಗಳ ನಡುವಿನ ಚೂಪು ಸಂದುಗಳಿಗೆ ತುದಿ ಚೂಪಾಗಿರುವ ವಿ-ಬಿಟ್ಟೇ ಬೇಕು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಆ ದೇವಾಲಯದ ಬಳಪದ ಕಲ್ಲಿನ ಈ ಪಟ್ಟಿಕೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ, ಅಕ್ಕಪಕ್ಕದ ಎರಡು ಸುರುಳಿಗಳು ಒಂದನ್ನೊಂದು ಹೋಲುವುದಿಲ್ಲ. ಒಂದನ್ನೇ ಬಿಡಿಸಿ ಸಾಲಾಗಿ ನಕಲಿಸಿದರೆ ಕೆಲಸ ಬೇಗ ಮುಗಿಯುತ್ತದೆಂದು ಗೊತ್ತಿದ್ದರೂ, ಮನಸ್ಸು ಒಪ್ಪದ ಕಾರಣ ಪ್ರತಿಯೊಂದನ್ನೂ ಬೇರೆಯಾಗಿಯೇ ಎಳೆಯುತ್ತಿದ್ದೇನೆ.