ಗ್ರೂಪಿನಲ್ಲಿ ಅಸಹ್ಯದ ಮೆಸೇಜು: ಅಳಿಸುವ ಮುಂಚೆ ಉಳಿಸಿ

ಅಡಿಕೆ ಮಂಡಿ, ಸಹಕಾರ ಸಂಘ, ಗೊಬ್ಬರದಂಗಡಿ, ಯಾವುದೇ ಇರಲಿ, ಶಿವಮೊಗ್ಗದ ಕಡೆ ಅರ್ಧ ಕೆಲಸ ವಾಟ್ಸಾಪ್ ಗ್ರೂಪಿನಲ್ಲೇ ನಡೆಯುತ್ತದೆ. ಅಲ್ಲಿ ಯಾರಾದರೂ ಮಹಿಳಾ ಸಿಬ್ಬಂದಿಯ ಬಗ್ಗೆ ಕೀಳಾಗಿ ಬರೆದರೆ ಅಡ್ಮಿನ್ ತಕ್ಷಣ ಡಿಲೀಟ್ ಒತ್ತುತ್ತಾರೆ. ಮರ್ಯಾದೆ ಉಳಿಸಬೇಕೆಂಬ ಒಳ್ಳೆಯ ಮನಸ್ಸೇ ಅದು. ಆದರೆ ಆ ಮೆಸೇಜು ಎಲ್ಲರ ಫೋನಿನಿಂದಲೂ ಹೋಗಿ, ದೂರು ಕೊಡಬೇಕಾದವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸ್ಕ್ರೀನ್‌ಶಾಟ್ ಒಂದೇ ಸಾಲದು. ನಂಬರು ಸೇವ್ ಆಗಿದ್ದರೆ ಚಿತ್ರದಲ್ಲಿ ಹೆಸರಷ್ಟೇ ಬರುತ್ತದೆ. ಅದೇ ದಿನದ ಮೆಸೇಜಾದರೆ ತಾರೀಖಿನ ಜಾಗದಲ್ಲಿ ‘ಇಂದು’ ಎಂದಿರುತ್ತದೆ. ಹಾಗಾಗಿ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಗ್ರೂಪಿನ ಹೆಸರು, ಹಿಂದುಮುಂದಿನ ಮಾತು, ಕಳಿಸಿದವರ ಪ್ರೊಫೈಲಿನಲ್ಲಿರುವ ನಂಬರು ಇಷ್ಟನ್ನೂ ನಿಧಾನವಾಗಿ ತೋರಿಸಿ. ಆಮೇಲೆ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಗ್ರೂಪಿನ ಮಾತುಕತೆಯನ್ನು ಫೈಲಾಗಿ ಹೊರತೆಗೆದಿಡಿ. ಅದರಲ್ಲಿ ಪ್ರತಿ ಸಾಲಿಗೂ ತಾರೀಖು, ಗಂಟೆ ಇರುತ್ತದೆ. ಹೊಸನಗರ, ಆಗುಂಬೆ ಕಡೆ ಮಳೆಗಾಲದಲ್ಲಿ ಸಿಗ್ನಲ್ ಹೋದರೂ ರೆಕಾರ್ಡಿಂಗಿಗೆ ಅಡ್ಡಿಯಿಲ್ಲ. ಮೆಸೇಜು ತಾನೇ ಮಾಯವಾಗುವ ಸೆಟ್ಟಿಂಗ್ ಇದ್ದರೆ 24 ಗಂಟೆಯಲ್ಲೇ ಹೋಗಬಹುದು, ಕಾಯಬೇಡಿ. ಫೋನ್ ರಿಸೆಟ್ ಮಾಡಬೇಡಿ, ಮಾರಲೂಬೇಡಿ: 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡುವಾಗ ಮೂಲ ಸಾಧನದ ವಿವರ ಬೇಕಾಗುತ್ತದೆ. ಅಶ್ಲೀಲ ಚಿತ್ರವನ್ನು ‘ನೋಡಿ’ ಎಂದು ಸಹೋದ್ಯೋಗಿಗಳಿಗೆ ಕಳಿಸುವುದು ಬೇಡವೇ ಬೇಡ. ಹಾಗೆ ಹರಡುವುದೂ ಐಟಿ ಕಾಯ್ದೆಯಡಿ ಅಪರಾಧ.

ಇಷ್ಟಾದ ಮೇಲೆ ಅಡ್ಮಿನ್ ಅಳಿಸಲಿ.

ಲೈಂಗಿಕ ಸ್ವರೂಪದ ಕಿರುಕುಳವಾದರೆ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, 10 ಅಥವಾ ಹೆಚ್ಚು ಜನರಿರುವ ಕಚೇರಿಯ ಆಂತರಿಕ ಸಮಿತಿಗೆ ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗುತ್ತದೆ. ಅದಕ್ಕಿಂತ ಸಣ್ಣ ಅಂಗಡಿಯವರಿಗೆ, ಮಾಲೀಕರ ಮೇಲೇ ದೂರಿರುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಅಷ್ಟರವರೆಗೆ ಆರೋಪಿ ದೂರುದಾರರ ಕೆಲಸದ ವರದಿ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಇದನ್ನು ಕೇಳುವವರೇ ಕಡಿಮೆ, ದಯವಿಟ್ಟು ಲಿಖಿತವಾಗಿ ಕೇಳಿ. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಸಮಿತಿಯ ಹೊರಗಿನ ಸದಸ್ಯರನ್ನು ಬೇರೆ ತಾಲ್ಲೂಕಿನಿಂದ ಕರೆಯುವುದು ಒಳ್ಳೆಯದು.

ಬೆದರಿಕೆಯಿದ್ದರೆ, ಫೋಟೋ ತಿರುಚಿದ್ದರೆ ಸಮಿತಿಗೆ ಕಾಯದೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ಇಂಥದ್ದು ಮತ್ತೆ ಆಗದಿರಲು, ಗ್ರಾಹಕರಿಗೆ ಸಿಬ್ಬಂದಿಯ ಸ್ವಂತ ನಂಬರು ಕೊಡುವುದನ್ನು ಮೊದಲು ನಿಲ್ಲಿಸಬೇಕು. ಕಚೇರಿಗೊಂದು ಸಿಮ್ ಇರಲಿ, ಸಂಜೆ ಅದು ಕಚೇರಿಯಲ್ಲೇ ಉಳಿಯಲಿ. ದರ ತಿಳಿಸುವ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ, ಇಬ್ಬರು ಅಡ್ಮಿನ್‌ಗಳಲ್ಲಿ ಒಬ್ಬರು ಮಹಿಳೆಯಾಗಿರಲಿ.