ಕಡಿದ ಹಾಗೆ ಕಾಣೋದೇ ಇಲ್ವಲ್ಲ!

ನನ್ನ ಕಸುಬಿನಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡಿರುವ ಮಾತು ಇದೇ. ಬೆಳಗಿನಿಂದ ಮರದ ಮೇಲಿದ್ದು, ಒಣಗಿದ್ದನ್ನೆಲ್ಲ ತೆಗೆದು, ಒಂದಕ್ಕೊಂದು ಉಜ್ಜುತ್ತಿದ್ದ ಕೊಂಬೆಗಳಲ್ಲಿ ಒಂದನ್ನು ಬಿಡಿಸಿ, ಚಾವಣಿಯ ಕಡೆ ಚಾಚಿದ್ದ ರೆಂಬೆಯ ಭಾರ ಇಳಿಸಿ ಕೆಳಗೆ ಬಂದರೆ, ಮನೆಯವರು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತ ನಿಂತಿರುತ್ತಾರೆ. "ಅಲ್ರೀ, ಏನು ಕಡಿದಿರಿ? ಕಡಿದ ಹಾಗೆ ಕಾಣೋದೇ ಇಲ್ವಲ್ಲ!" ಹಾಗೆ ಕಾಣದಿರಲಿ ಎಂದೇ ಇಷ್ಟು ಹೊತ್ತು ಹಿಡಿಯಿತು ಅಂತ ಹೇಳಿದರೆ, ದುಡ್ಡಿಗಾಗಿ ಮಾತು ಹೊಸೆಯುತ್ತಿದ್ದೇನೆ ಅಂದುಕೊಳ್ಳುತ್ತಾರೆ.

"ಭಯ ಆಗಲ್ವಾ?" ಅನ್ನೋದು ಎರಡನೇ ಮಾತು. ಎತ್ತರ ಮೈಗೆ ಒಗ್ಗಿಬಿಡುತ್ತದೆ. ಸೊಂಟ-ತೊಡೆಗೆ ಬಿಗಿದುಕೊಳ್ಳುವ ಪಟ್ಟಿ, ಅಂದರೆ ಹಾರ್ನೆಸ್, ಹಗ್ಗ, ಗಂಟು ಇವುಗಳ ಮೇಲೆ ನಂಬಿಕೆ ಕೂತ ಮೇಲೆ ಮರದ ಮೇಲಿರುವುದೇ ದಿನದ ನೆಮ್ಮದಿಯ ಹೊತ್ತು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಬರೆದು ತೋರಿಸಿದ ಗಂಟು ಒಂದಿದೆ. ಭಾರ ಬಿದ್ದರೆ ಬಿಗಿಯುತ್ತದೆ, ಭಾರ ತೆಗೆದರೆ ಸರಿಯುತ್ತದೆ. ಅದೇ ಜಾತಿಯ ಗಂಟುಗಳೇ ಇವತ್ತಿಗೂ ನಮ್ಮಂಥ ಎಷ್ಟೋ ಜನರನ್ನು ಮರದ ಮೇಲೆ ಹಿಡಿದಿಟ್ಟಿವೆ. ಗಂಟು ನನಗೆ ಇದುವರೆಗೆ ಬೇಸರ ತರಿಸಿಲ್ಲ. ಬೇಸರ ತರಿಸುವವರೆಲ್ಲ ನೆಲದ ಮೇಲಿದ್ದಾರೆ.

ಈ ಕಸುಬಿನಲ್ಲಿ ಜನ ದುಡ್ಡು ಕೊಡುವುದು ಕೆಳಗೆ ಬಿದ್ದ ಸೊಪ್ಪಿನ ರಾಶಿ ನೋಡಿ. ಹೀಗಾಗಿ "ತಲೆ ಹೊಡೆದುಬಿಡಿ" ಅನ್ನುವವರೇ ಜಾಸ್ತಿ. ನಾವು ಟಾಪಿಂಗ್ ಅನ್ನುತ್ತೇವೆ: ಮೇಲಿನ ದಪ್ಪ ಕೊಂಬೆಗಳನ್ನು ಎಲ್ಲೆಂದರಲ್ಲಿ, ಒಂದೇ ಎತ್ತರಕ್ಕೆ ಮೋಟು ಮಾಡುವುದು. ಅದಕ್ಕೆ ಬುದ್ಧಿ ಬೇಡ, ಹೊತ್ತೂ ಬೇಡ, ರಾಶಿ ಮಾತ್ರ ಭರ್ಜರಿ. ಎಲೆಯೆಲ್ಲ ಹೋದ ಮೇಲೆ ಮರ ತಿನ್ನುವುದಾದರೂ ಎಲ್ಲಿಂದ? ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನೆಲ್ಲ ಎಬ್ಬಿಸುತ್ತದೆ. ಮೋಟಿನ ಸುತ್ತ ಕಡ್ಡಿ ಕಡ್ಡಿಯಾಗಿ ಚಿಗುರು ನೆಟ್ಟಗೆ ನುಗ್ಗಿ, ಕೆಲವೇ ವರ್ಷಗಳಲ್ಲಿ ಮರ ಹಳೆಯ ಎತ್ತರಕ್ಕೆ ಹತ್ತಿರ ಬಂದಿರುತ್ತದೆ. ಆದರೆ ಹಳೆಯ ಕೊಂಬೆ ಕಾಂಡದ ಜೊತೆ ವರ್ಷವರ್ಷವೂ ಪದರ ಹೆಣೆದುಕೊಂಡು ಬೆಳೆದದ್ದು. ಈ ಚಿಗುರಿಗೆ ಇರುವುದು ಹೊರಪದರದ ಹಿಡಿತವಷ್ಟೇ, ಅದರ ಕೆಳಗಿನ ಮೋಟೋ ನೀರು ಕುಡಿದು ಕೊಳೆಯುತ್ತಿರುತ್ತದೆ. ತೋಳು ಗಾತ್ರಕ್ಕೆ ಬಂದ ಮೇಲೆ ಒಂದು ಜೋರು ಗಾಳಿಗೆ ಬುಡದಲ್ಲೇ ಸಿಗಿದುಕೊಂಡು ಬೀಳುತ್ತದೆ.

ನಾನು ಆಗಲ್ಲ ಅಂದಿರುತ್ತೇನೆ. ಬೇರೆ ಯಾರೋ ಕಡಿಮೆ ದುಡ್ಡಿಗೆ ತಲೆ ಹೊಡೆದು ಹೋಗಿರುತ್ತಾರೆ. ಆಮೇಲೆ ಅದೇ ಮನೆಯಿಂದ ನನಗೇ ಫೋನು: "ಮರ ಡೇಂಜರ್ ಆಗಿದೆ, ಸ್ವಲ್ಪ ಬಂದು ನೋಡ್ತೀರಾ?" ಹೋಗಿ ನೋಡಿದರೆ ಆ ಚಿಗುರಿನ ಗಲಾಟೆಯಲ್ಲಿ ನನ್ನ ಹಗ್ಗ ಹಾಕಲು ನಂಬಿಕಸ್ತ ಕವಲು ಒಂದೂ ಇರುವುದಿಲ್ಲ.

ಸರಿಯಾದ ಕಟ್ ನೋಡಲು ಎಷ್ಟು ಸಪ್ಪೆ ಅಂದರೆ, ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಕೊಂಬೆ ಕಾಂಡಕ್ಕೆ ಕೂಡುವ ಜಾಗದಲ್ಲಿ ಸ್ವಲ್ಪ ಉಬ್ಬಿರುತ್ತದೆ, ಅದು ಕಾಲರ್. ಕವಲಿನ ಮೇಲ್ಗಡೆ ತೊಗಟೆ ಒತ್ತಿಕೊಂಡು ಎದ್ದ ಒರಟು ಏಣು ಇರುತ್ತದೆ. ಮೊದಲು ಕಾಲರ್‌ನಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಅಲ್ಲಿಂದ ಇನ್ನೊಂಚೂರು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ತಾನೇ ಕಳಚಿಕೊಳ್ಳುತ್ತದೆ, ಕಾಂಡದುದ್ದಕ್ಕೂ ತೊಗಟೆ ಸುಲಿದುಕೊಂಡು ಹೋಗುವುದಿಲ್ಲ. ಉಳಿದ ಮೋಟಿಗೆ ನಾನು ಚೈನ್‌ಸಾ (ಯಂತ್ರದ ಗರಗಸ) ಬಿಟ್ಟು ಕೈಗರಗಸ ತೆಗೆಯುತ್ತೇನೆ. ಏಣಿನ ಹೊರಗೆ ಹಲ್ಲು ಇಟ್ಟು, ಉಬ್ಬಿನ ಅಂಚು ಮುಟ್ಟದ ಹಾಗೆ ಓರೆಯಾಗಿ ಇಳಿಯಬೇಕು. ಕಾಂಡಕ್ಕೆ ಸಮವಾಗಿ, ನುಣ್ಣಗೆ ಕೊಯ್ದರೆ ಕಣ್ಣಿಗೇನೋ ಚೆಂದ. ಆದರೆ ಮರ ತನ್ನನ್ನು ಕಾಪಾಡಿಕೊಳ್ಳುವ ಜಾಗವೇ ಹೋಯಿತು.

ಇದು ನನ್ನ ಹಟವಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಚೈನ್‌ಸಾದಲ್ಲಿ ಉದ್ದುದ್ದ ಸೀಳಿ ನೋಡಿದವರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ, ಮರ ಕೊಳೆಯ ಸುತ್ತ ಗೋಡೆ ಕಟ್ಟಿಕೊಂಡು ಅದರ ಹೊರಗೆ ಹೊಸ ಕಟ್ಟಿಗೆ ಬೆಳೆಸುತ್ತದೆ ಎಂಬುದನ್ನು ಅವರು 1977ರಲ್ಲಿ ಕೋಡಿಟ್ ಎಂಬ ಹೆಸರಿನಲ್ಲಿ ವಿವರಿಸಿದರು. ಅದಾಗಿ ಇಷ್ಟು ವರ್ಷವಾದರೂ ನಾನು ಇಳಿದು ಬರುವಾಗ ಕೆಳಗೆ ಪೇಂಟ್ ಡಬ್ಬಿ ಕಾದಿರುತ್ತದೆ. "ಗಾಯಕ್ಕೆ ಹಚ್ಚಲ್ವಾ?" ಕೆಲವು ನಿರ್ದಿಷ್ಟ ರೋಗಗಳ ಕಾಟ ಇರುವ ಕಡೆ ಬಿಟ್ಟರೆ ಪೇಂಟ್ ಹಚ್ಚುವುದು ನೋಡುವವರ ಸಮಾಧಾನಕ್ಕೆ, ಅದರಿಂದ ಕೊಳೆ ನಿಲ್ಲುವುದಿಲ್ಲ. (ವಾದ ಮಾಡಿ ಸುಸ್ತಾದ ದಿನ "ಏಣಿ ಇಲ್ಲೇ ಇದೆ, ನೀವೇ ಹಚ್ಚಿ" ಅಂದುಬಿಡುತ್ತೇನೆ. ಇದುವರೆಗೆ ಯಾರೂ ಹತ್ತಿಲ್ಲ.)

ಗಿರಾಕಿಗಳಿಗೆ ತಿಳಿಯದು, ಬಿಡಿ. ತಿಳಿದೂ ಕಾಡುವವರು ಕೆಲಸ ಹಿಡಿಯುವ ಗುತ್ತಿಗೆದಾರರು. ಮರದ ಬುಡಕ್ಕೆ ಬಾರದೆ, ಮೊಬೈಲಿಗೆ ಬಂದ ಒಂದು ಫೋಟೋ ನೋಡಿ "ಅರ್ಧ ದಿನದ ಕೆಲಸ" ಅಂತ ದರ ಹೇಳಿಬಿಟ್ಟಿರುತ್ತಾರೆ. ಬುಡದ ಹಿಂಬದಿಯಲ್ಲಿ ಎದ್ದಿರುವ ಅಣಬೆ ಫೋಟೋದಲ್ಲಿ ಕಾಣುವುದಿಲ್ಲ. ಎರಡು ಕಾಂಡಗಳ ನಡುವೆ ತೊಗಟೆ ಒಳಕ್ಕೆ ಸಿಕ್ಕಿಕೊಂಡು, ಹೊರಗಿನಿಂದ ಕೂಡಿದಂತಿದ್ದೂ ಒಳಗೆ ಕೂಡದ ಕವಲು ಕಾಣುವುದಿಲ್ಲ. ಕಣಜದ ಗೂಡು, ಎಲೆಯ ಹಿಂದಿನ ಕರೆಂಟ್ ತಂತಿ ಯಾವುದೂ ಇಲ್ಲ. "ಒಣಗಿದ ಮರ ತಾನೇ, ಬೇಗ ಆಗುತ್ತೆ" ಅನ್ನುವುದಂತೂ ಉಲ್ಟಾ ಲೆಕ್ಕ. ಒಣಮರದ ಯಾವ ಕೊಂಬೆ ನನ್ನನ್ನು ತಡೆಯುತ್ತದೆ ಅಂತ ತಟ್ಟಿ, ಕಿವಿಗೊಟ್ಟು, ಜಗ್ಗಿ ನೋಡುತ್ತಲೇ ಹೊತ್ತು ಹೋಗುತ್ತದೆ.

ಆ ಅರ್ಧ ದಿನ ದಾಟಿತೋ, ಕೆಳಗಿನಿಂದ ಕೂಗು ಶುರು. "ದೊಡ್ಡ ದೊಡ್ಡ ತುಂಡು ತೆಗೀರಿ!" ಹಸಿ ಮರದ ತೂಕ ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್. ಅರ್ಧ ಮೀಟರ್ ಅಡ್ಡಗಲ, ಒಂದು ಮೀಟರ್ ಉದ್ದದ ತುಂಡು ಅಂದರೆ 200 ಕೆಜಿಗೆ ಹತ್ತಿರ. ಅದು ಒಂದು ಮಾರು ಬಿದ್ದು ಹಗ್ಗ ಗಕ್ಕನೆ ಹಿಡಿದಾಗ ಕಾಂಡಕ್ಕೆ ಬೀಳುವ ಜಗ್ಗು ಆ ತೂಕದ ಎಷ್ಟೋ ಪಟ್ಟು. ಅದೇ ಕಾಂಡಕ್ಕೆ ನಾನು ಕಟ್ಟಿಕೊಂಡಿರುತ್ತೇನೆ, ಕೂಗುವವರು ಕಟ್ಟಿಕೊಂಡಿರುವುದಿಲ್ಲ. ಅವಸರದಲ್ಲಿ ಹೊಸ ಹುಡುಗರು ಕಲಿಯುವ ಮೊದಲ ಕೆಟ್ಟ ಚಾಳಿ ಅಂದರೆ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದರಲ್ಲಿ ಚೈನ್‌ಸಾ ಓಡಿಸುವುದು. ಚೈನ್ ಸುತ್ತುವ ಬಾರ್‌ನ ತುದಿಯ ಮೇಲಿನ ಮೂಲೆ ಏನಕ್ಕಾದರೂ ತಾಗಿದರೆ ಸಾಕು, ಗರಗಸ ಮುಖದ ಕಡೆಗೇ ಚಿಮ್ಮುತ್ತದೆ. ಕೈ ಆಡಿಸುವಷ್ಟು ಪುರುಸೊತ್ತು ಕೊಡುವುದಿಲ್ಲ. ಬೈದರೆ ಹುಡುಗರಿಗೆ ನಾನು ಮುದುಕ.

ಚೈನ್‌ಸಾ ಪ್ಯಾಂಟಿನ ವಿಷಯಕ್ಕೂ ಇದೇ ಜಗಳ. ಅದರೊಳಗೆ ಪದರ ಪದರವಾಗಿ ಉದ್ದ ನಾರು ತುಂಬಿರುತ್ತದೆ. ಚೈನ್ ತಾಗಿದ ಕೂಡಲೇ ನಾರು ಹೊರಗೆ ಎಳೆದುಕೊಂಡು ಚೈನ್ ಓಡಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್‌ಗೆ ಸುತ್ತಿ ಗರಗಸವನ್ನು ನಿಲ್ಲಿಸುತ್ತದೆ. ಪ್ಯಾಂಟಿನ ದರ್ಜೆ ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್ ಓಡುವ ಚೈನಿಗೆ ಪರೀಕ್ಷೆ ಮಾಡಿದ್ದು. ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಮರ ಹತ್ತುವುದು ನರಕವೇ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಸಿಟ್ಟು ಬರುವುದು ಬೆವರಿಗಲ್ಲ. ಒಬ್ಬನಿಗೆ ಪ್ಯಾಂಟ್ ಕೊಡಿಸಿ ಮೂವರು ಸರದಿಯಲ್ಲಿ ಹಾಕಿಕೊಳ್ಳಲಿ ಅನ್ನುವವರ ಮೇಲೆ.

ಇದಕ್ಕಿಂತ ದೊಡ್ಡ ಕಳ್ಳಾಟ ರಕ್ಷಣೆಯದ್ದು. ಮರದ ಮೇಲೆ ಚೈನ್‌ಸಾ ಚಾಲೂ ಮಾಡುವ ಮುಂಚೆ ಎರಡು ಕಡೆ ಕಟ್ಟಿಕೊಂಡಿರಬೇಕು, ಒಂದು ಹಗ್ಗ ಕೊಯ್ದುಹೋದರೂ ಇನ್ನೊಂದು ಹಿಡಿಯಲಿ ಅಂತ. ಅದು ನನ್ನ ಕೈಯಲ್ಲಿದೆ, ಮಾಡುತ್ತೇನೆ. ಆದರೆ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ನೇತಾಡುತ್ತಿದ್ದರೆ? ಅಲುಗಾಡದೆ ನೇತಾಡುವುದೇ ಪ್ರಾಣಕ್ಕೆ ಅಪಾಯ, ಬೇಗ ಇಳಿಸಲೇಬೇಕು. ಅದಕ್ಕೆ ನೆಲದ ಮೇಲೆ ಇನ್ನೊಬ್ಬ ಹತ್ತಬಲ್ಲವನು, ಅವನಿಗೆ ಬೇರೆ ಹಾರ್ನೆಸ್, ಬೇರೆ ಹಗ್ಗ ಇರಬೇಕು. ಎಲ್ಲ ಕಾಗದಗಳಲ್ಲೂ ಆ ಇನ್ನೊಬ್ಬ ಇರುತ್ತಾನೆ. ಸ್ಥಳದಲ್ಲಿ ನೋಡಿದರೆ ಮೊನ್ನೆ ಸೇರಿದ, ಸೊಪ್ಪು ಎಳೆಯುವ ಹುಡುಗ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿರುತ್ತಾನೆ. ಪಾಪ, ಅವನದ್ದೇನೂ ತಪ್ಪಿಲ್ಲ. ಅವನಿಗೆ ಯಾರೂ ಹೇಳಿಲ್ಲ.

ಇನ್ನು ಬೇರಿನ ಪುರಾಣ. ಮರದ ಬೇರು ಬಹುಪಾಲು ಇರುವುದು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲಿ, ಹಬ್ಬುವುದು ಕೊಂಬೆಗಳ ನೆರಳಿಗಿಂತಲೂ ಆಚೆ. ಪೈಪಿಗೋ ಕಾಂಪೌಂಡಿಗೋ ಬುಡದ ಪಕ್ಕ ಒಂದು ಚರಂಡಿ ತೋಡಿ ಮುಚ್ಚಿಬಿಟ್ಟಿರುತ್ತಾರೆ. ಮರ ಅವತ್ತೇ ಸಾಯುವುದಿಲ್ಲ, ಅದೇ ತೊಂದರೆ. ನಾಲ್ಕಾರು ವರ್ಷ ಕೂಡಿಟ್ಟದ್ದನ್ನು ತಿಂದುಕೊಂಡು ಆಮೇಲೆ ತುದಿಯಿಂದ ಒಣಗುತ್ತ ಬರುತ್ತದೆ. ಅಷ್ಟರಲ್ಲಿ ಚರಂಡಿ ಎಲ್ಲರಿಗೂ ಮರೆತಿರುತ್ತದೆ. ಅವರ ನೆನಪಿನಲ್ಲಿ ಉಳಿದಿರುವುದು ಮರ ಹತ್ತಿದ್ದ ನಾನೊಬ್ಬನೇ. "ಇವರು ಕಡಿದ ಮೇಲೇ ಒಣಗಿದ್ದು" ಅಂತ ನನ್ನ ಎದುರಿಗೇ ಹೇಳಿದವರಿದ್ದಾರೆ. ಕಡಿದ ಹಾಗೆ ಕಾಣಲ್ಲ ಅಂದವರೂ ಅವರೇ.

ಬಿರುಗಾಳಿಯ ರಾತ್ರಿ ಮಾತ್ರ ನಾವು ಎಲ್ಲರಿಗೂ ಬೇಕು. ಬಾಗಿ ಸಿಕ್ಕಿಕೊಂಡ ಕೊಂಬೆಯಲ್ಲಿ ಯಾವ ಕಡೆ ಎಳೆತ, ಯಾವ ಕಡೆ ಒತ್ತಡ ಅಂತ ಟಾರ್ಚ್ ಬೆಳಕಿನಲ್ಲಿ ಅಂದಾಜು ಮಾಡಿ ಕೊಯ್ಯುವುದು ಈ ಕಸುಬಿನ ಅತಿ ಕೆಟ್ಟ ಗಳಿಗೆ. ಆ ಕೆಲಸಕ್ಕೂ ಹಗಲಿನ ಕೂಲಿಯೇ.

ಚಳಿ ಬಿದ್ದ ಬೆಳಿಗ್ಗೆಗಳಲ್ಲಿ ನನ್ನ ಎಡಗೈಯ ಎರಡು ಬೆರಳ ತುದಿ ಈಗ ಬೆಳ್ಳಗಾಗುತ್ತದೆ, ಗುಂಡಿ ಹಾಕಲು ಆಗುವುದಿಲ್ಲ. ವರ್ಷಗಟ್ಟಲೆ ಗರಗಸದ ನಡುಕ ಹಿಡಿದ ಕೈಗೆ ಬರುವ ಕಾಯಿಲೆ, ಹೋದ ಸ್ಪರ್ಶ ಪೂರ್ತಿ ವಾಪಸು ಬರುವುದು ಕಷ್ಟ. ಹಾಗಾಗಿ ಚೈನ್‌ಸಾ ಹಿಡಿಯುವ ಹೊತ್ತು ಇಳಿಸಿದ್ದೇನೆ, ಕೈಗರಗಸ ಜಾಸ್ತಿಯಾಗಿದೆ, ಕೆಲಸ ಇನ್ನೂ ನಿಧಾನವಾಗಿದೆ. ಬೇಡಿಕೆಯೂ ಕಡಿಮೆಯಾಗಿದೆ ಅಂತ ಬೇರೆ ಹೇಳಬೇಕಿಲ್ಲ.

ಈಗ ಗುತ್ತಿಗೆದಾರರ ಫೋನ್ ಬಂದರೆ ದರ ಕೇಳುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ಮರವನ್ನು ಖುದ್ದಾಗಿ ನೋಡಿದವರು ಯಾರು? ನನಗೇನಾದರೂ ಆದರೆ ಹತ್ತುವವರು ಯಾರು, ಅವರ ಹೆಸರೇನು? "ಅದೆಲ್ಲ ಹೊಂದಿಸ್ಕೊಳ್ಳೋಣ, ಬನ್ನಿ ಸಾರ್" ಅನ್ನುವ ಉತ್ತರ ಬಂದರೆ ಹೋಗುವುದಿಲ್ಲ. ಹೋದ ವಾರ ಒಬ್ಬರು ಹೆಸರು ಹೇಳಿದರು. ಕೇಳಿದ್ದ ಹೆಸರೇ, ಒಳ್ಳೆಯ ಕ್ಲೈಂಬರ್. ಸೋಮವಾರ ಹೋಗುತ್ತಿದ್ದೇನೆ.