ಬಾಚಣಿಗೆಗೆ ಬೈದು ಏನು ಪ್ರಯೋಜನ

ಮದುವೆ ಇದೆ ಅಂತ ಮನೆಯಲ್ಲೇ ಡೈ ಹಚ್ಚಿಕೊಂಡೆ. ಪ್ಯಾಕೆಟ್ ಮೇಲೆ 30 ನಿಮಿಷ ಅಂತ ಇತ್ತು, ನಾನು ಫೋನಲ್ಲಿ ಹರಟುತ್ತಾ ಒಂದೂವರೆ ಗಂಟೆ ಬಿಟ್ಟೆ. ಬಣ್ಣ ಬಂತು, ಹೊಳಪು ಹೋಯಿತು. ಮುಟ್ಟಿದರೆ ತೆಂಗಿನ ನಾರು! ಮೇಲೆ ನಮ್ಮ ದಾವಣಗೆರೆ ಬಿಸಿಲು, ಬೋರ್‌ವೆಲ್‌ನ ಗಡಸು ನೀರು ಬೇರೆ.

ಡೈನಲ್ಲಿರುವ ಅಮೋನಿಯಾ ಕೂದಲಿನ ಹೊರಪದರವನ್ನು ಮೀನಿನ ಹುರುಪೆ ಎಬ್ಬಿಸಿದ ಹಾಗೆ ಎಬ್ಬಿಸಿ ಬಣ್ಣವನ್ನು ಒಳಗೆ ಬಿಡುತ್ತದೆ, ಆಮೇಲೆ ಅದು ಸರಿಯಾಗಿ ಮುಚ್ಚಿಕೊಳ್ಳದೆ ಒಳಗಿನ ತೇವ ಬೇಗ ಆರುತ್ತದೆ. ಈಗ ತಲೆಸ್ನಾನದ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ವಾರಕ್ಕೆ ಎರಡೇ ಸಲ ಶಾಂಪೂ, ಉಗುರುಬೆಚ್ಚಗಿನ ನೀರು, ಕೊನೆಗೆ ತುದಿಗಳಿಗೆ ಕಂಡೀಷನರ್. ಅವ್ವ ದಾಸವಾಳದ ಎಲೆ ಅರೆದು ಹಚ್ಚು ಅಂದಳು. ಹಚ್ಚಿದೆ. ನುಣುಪು ಬಂತು ನಿಜ, ಬಚ್ಚಲು ತೊಳೆಯುವಷ್ಟರಲ್ಲಿ ಸಾಕುಸಾಕಾಯಿತು.

ಇಷ್ಟೆಲ್ಲಾ ಮಾಡಿದರೂ ಹಾಳಾದ ಕೂದಲು ರಿಪೇರಿ ಆಗಲ್ಲ, ಅದಕ್ಕೆ ಜೀವವೇ ಇಲ್ಲ ಅಲ್ವಾ. ಸುಮ್ನೆ ಮೇಲಿನ ಮೆರುಗು ಅಷ್ಟೇ. ಹೊಸದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿನ್ನೆ ಕನ್ನಡಿಯಲ್ಲಿ ನೋಡಿದರೆ ಬೈತಲೆಯ ಬುಡದಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ. ಯಾವುದನ್ನು ಮುಚ್ಚೋಕೆ ಹೋಗಿದ್ದೆನೋ ಅದೇ. ಎಷ್ಟು ಮೆತ್ತಗಿತ್ತು ಅಂದರೆ, ಮುಟ್ಟಿ ಮುಟ್ಟಿ ನೋಡುತ್ತಾ ಕೂತೆ.